ಮುಖ ಹುಡುಕುವ ಯಂತ್ರ ಮತ್ತು ನಾವು

(ಸಂಘದ ಮಾಸಿಕ ಸಭೆಯಲ್ಲಿ ಸಂಘಟನಾ ಕಾರ್ಯದರ್ಶಿಯವರು ಮಾಡಿದ ಭಾಷಣ)



ಇಂದು ನಾನು ಪಗಾರ, ಬೋನಸ್ಸು, ರಜೆಗಳ ವಿಷಯ ಮಾತಾಡುವುದಿಲ್ಲ. ಅವು ಮುಂದಿನ ಸಭೆಗೆ ಇದ್ದೇ ಇವೆ. ಇಂದು ಒಂದು ಫೋಟೋದ ವಿಷಯ ಮಾತಾಡಬೇಕಾಗಿದೆ. ಅದರಲ್ಲಿ ನನ್ನದೊಂದು ತಪ್ಪಿದೆ. ಮೊದಲು ಅದನ್ನು ನಿಮ್ಮೆದುರು ಒಪ್ಪಿಕೊಂಡು, ಆಮೇಲೆ ಮುಂದಿನ ಮಾತಿಗೆ ಹೋಗುತ್ತೇನೆ.

ಕಳೆದ ವರ್ಷ ವಾರದ ರಜೆಯ ಪ್ರಶ್ನೆಗಾಗಿ ನಾವು ಒಂದು ರಾತ್ರಿ ಇದೇ ಖೋಲಿಯಲ್ಲಿ ಸೇರಿದ್ದೆವು. ಹೋಟೆಲುಗಳ ಬಾಗಿಲು ಹಾಕಿದ ಮೇಲೆ, ದಣಿದ ಕಾಲಿನಲ್ಲೇ ಸುಮಾರು ನಲವತ್ತು ಜನ ಬಂದಿದ್ದರು. ಅಷ್ಟು ಜನರನ್ನು ಕಂಡು ನನಗೆ ಉಬ್ಬು ಬಂತು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಆಗಲೇ ಸಂಘದ ಫೇಸ್‌ಬುಕ್ಕಿಗೆ ಹಾಕಿದೆ. ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗನಿದ್ದ. ಒಂದು ಹೋಟೆಲಿನಲ್ಲಿ ಕ್ಲೀನರ್ ಆಗಿದ್ದ. ಅವನು ಗಲ್ಲಾದಲ್ಲಿ ಕೂತಿದ್ದವರಿಗೆ, ಮಾವನ ಮನೆಗೆ ಹೋಗಿ ಬರುತ್ತೇನೆಂದು ಹೇಳಿ ಬಂದಿದ್ದನಂತೆ. ನಾಲ್ಕನೆಯ ದಿನ ಮ್ಯಾನೇಜರರು ಅವನನ್ನು ಕರೆದು, ಫೋನನ್ನು ಅವನ ಮುಖದ ಮುಂದೆ ಹಿಡಿದು, "ಏನೋ, ಇದೇನಾ ನಿನ್ನ ಮಾವನ ಮನೆ?" ಎಂದು ಕೇಳಿದರು. ಅಂದೇ ಅವನ ಕೆಲಸ ಹೋಯಿತು. ನಮ್ಮವರಿಗೆ ಕೆಲಸ ಹೋದರೆ ಊಟ ಹೋಗುತ್ತದೆ, ಊಟದ ಜತೆಗೆ ಮಲಗುವ ಜಾಗವೂ ಹೋಗುತ್ತದೆ. ಇದು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ಬೇರೆ ಕಡೆ ಕೆಲಸ ಸಿಗುವವರೆಗೆ ಹನ್ನೊಂದು ರಾತ್ರಿ ಅವನು ಈ ಬೆಂಚಿನ ಮೇಲೆ ಮಲಗಿದ. ನಾನು ಕ್ಷಮೆ ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಅಣ್ಣಾ, ಬಿಡಿ, ಫೋಟೋ ತೆಗೆಯುವಾಗ ನಾನೂ ನಕ್ಕಿದ್ದೆ."

ಅವನು ಬಿಟ್ಟರೂ ನನ್ನ ಮನಸ್ಸು ಬಿಡಲಿಲ್ಲ. ಆ ಫೋಟೋವನ್ನು ಕೂಡಲೇ ತೆಗೆದುಹಾಕಿದೆ. ಆದರೆ ನಮ್ಮ ಸದಸ್ಯರೊಬ್ಬರ ಮಗ, ಕಾಲೇಜು ಓದುವವನು, ನನಗೆ ಇನ್ನೊಂದು ವಿಷಯ ತಿಳಿಸಿದ. "ಆ ಮ್ಯಾನೇಜರಿಗೆ ಹುಡುಗನ ಪರಿಚಯವಿತ್ತು, ಅದಕ್ಕೆ ಗುರುತು ಹಿಡಿದರು. ಈಗ ಪರಿಚಯವೇ ಇಲ್ಲದವರೂ ಗುರುತು ಹಿಡಿಯಬಹುದು. ಒಂದು ಮುಖ ಕೊಟ್ಟರೆ, ಅದೇ ಮುಖ ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲಿ ಇದೆಯೋ ಹುಡುಕಿಕೊಡುವ ಯಂತ್ರವಿದೆ" ಎಂದ. ನಾನು ನಂಬಲಿಲ್ಲ. ಆಮೇಲೆ ಬಲ್ಲವರನ್ನು ಕೇಳಿ, ಆ ಹುಡುಗನಿಂದ ಓದಿಸಿಕೊಂಡು, ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬಂಧುಗಳೆ, ಈ ಶಹರ ನಮ್ಮ ಹಿರಿಯರಿಗೆ ಕೂಲಿಯೊಂದನ್ನೇ ಕೊಡಲಿಲ್ಲ. ಒಂದು ಮರೆಯನ್ನೂ ಕೊಟ್ಟಿತು. ಊರಿನಲ್ಲಿ ಸಾಲ ಮಾಡಿದವನು, ಜಾತಿಯ ಹೀಯಾಳಿಕೆ ತಾಳಲಾರದೆ ಬಂದವನು, ಹೊಡೆಯುವ ಗಂಡನನ್ನು ಬಿಟ್ಟು ಬಂದವಳು, ಎಲ್ಲರೂ ಇಲ್ಲಿ ಬಂದು ಹೊಸದಾಗಿ ಬದುಕು ಕಟ್ಟಿಕೊಂಡರು. ಗಿರಣಿಯ ಹಿರಿಯರು ಹೇಳುವುದನ್ನು ಕೇಳಿದ್ದೇನೆ: ಸಂಪಿನಲ್ಲಿ ಮುಂದೆ ನಿಂತವನನ್ನು ಒಂದು ಗಿರಣಿಯ ಗೇಟಿನಿಂದ ಹೊರಗೆ ಹಾಕಿದರೆ, ಅವನು ಬೇರೊಬ್ಬನ ಬದಲಿ ಪಾಸು ಹಿಡಿದು, ಬೇರೊಂದು ಹೆಸರಿನಲ್ಲಿ ಇನ್ನೊಂದು ಗಿರಣಿಯಲ್ಲಿ ಹೊಟ್ಟೆ ಹೊರೆದದ್ದುಂಟು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇಡ. ಹೆಸರನ್ನು ಬದಲಾಯಿಸಬಹುದಿತ್ತು, ಖೋಲಿಯನ್ನು ಬದಲಾಯಿಸಬಹುದಿತ್ತು. ಈಗ ಬಂದಿರುವ ಯಂತ್ರ ಹೆಸರು ಕೇಳುವುದಿಲ್ಲ, ವಿಳಾಸ ಕೇಳುವುದಿಲ್ಲ. ಮುಖ ಕೇಳುತ್ತದೆ. ಅದನ್ನು ಬದಲಾಯಿಸುವುದು ಯಾರಿಂದಲೂ ಆಗದು.

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ? ನನಗೆ ತಿಳಿದಷ್ಟನ್ನು ಸರಳವಾಗಿ ಹೇಳುತ್ತೇನೆ. ದರ್ಜಿಯ ಅಂಗಡಿಯಲ್ಲಿ ಗಿರಾಕಿಯ ಎದೆ, ತೋಳು, ಸೊಂಟಗಳ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದಿಡುತ್ತಾರಲ್ಲವೆ? ಹಾಗೆಯೇ ಈ ಯಂತ್ರ ಫೋಟೋದೊಳಗಿನ ಮುಖವನ್ನು ಒಂದು ಸಾಲು ಸಂಖ್ಯೆಗಳಾಗಿ ಮಾಡುತ್ತದೆ. ಆ ಸಂಖ್ಯೆಗಳು ಮೂಗಿನ ಉದ್ದ, ಕಣ್ಣಿನ ಅಗಲ ಎಂಬ ನೇರ ಅಳತೆಗಳಲ್ಲ. ಲಕ್ಷಾಂತರ ಮುಖಗಳನ್ನು ತೋರಿಸಿ ತೋರಿಸಿ, ಒಂದೇ ಮನುಷ್ಯನ ಫೋಟೋಗಳಿಗೆ ಹತ್ತಿರದ ಸಂಖ್ಯೆ, ಬೇರೆಯವರಿಗೆ ದೂರದ ಸಂಖ್ಯೆ ಬರುವಂತೆ ಯಂತ್ರವನ್ನು ಪಳಗಿಸಿರುತ್ತಾರೆ. 2015ರಲ್ಲಿ ಗೂಗಲ್ ಕಂಪೆನಿಯ ಸಂಶೋಧಕರು ತೋರಿಸಿದ ಒಂದು ವಿಧಾನದಲ್ಲಿ ಒಂದು ಮುಖಕ್ಕೆ 128 ಸಂಖ್ಯೆಗಳು ಸಾಕಾಗಿದ್ದವು. ಇಂಥ ಚೀಟಿಗಳನ್ನು ಕೋಟಿಗಟ್ಟಲೆ ಮಾಡಿ ಮೊದಲೇ ಜೋಡಿಸಿಟ್ಟರೆ, ಹೊಸ ಮುಖ ಬಂದಾಗ ಅದರ ಚೀಟಿಯನ್ನು ಹೋಲಿಸಿ ನೋಡುವುದು ಕ್ಷಣದ ಕೆಲಸ.

ಹಳೆಯ ಫೋಟೋ ಹುಡುಕಾಟಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಮೊದಲು ಒಂದು ಫೋಟೋ ಕೊಟ್ಟರೆ ಅದೇ ಫೋಟೋ ಬೇರೆಲ್ಲಿ ಅಚ್ಚಾಗಿದೆಯೆಂದು ಮಾತ್ರ ಸಿಗುತ್ತಿತ್ತು. ಇದು ಹಾಗಲ್ಲ. ಇವತ್ತು ರಸ್ತೆಯಲ್ಲಿ ತೆಗೆದ ನಿಮ್ಮ ಫೋಟೋ ಕೊಟ್ಟರೆ, ಹತ್ತು ವರ್ಷದ ಹಿಂದೆ ಯಾರದೋ ಮದುವೆಯಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದ ನಿಮ್ಮ ಫೋಟೋ ಎದುರು ಬರಬಹುದು. ಅಂಥದೊಂದು ಫೋಟೋ ಇದೆಯೆಂದು ನಿಮಗೇ ಗೊತ್ತಿರಲಿಕ್ಕಿಲ್ಲ.

ಪಿಮ್‌ಐಸ್ ಎಂಬುದು ಇಂಥ ಒಂದು ಯಂತ್ರ. 2017ರಲ್ಲಿ ಪೋಲೆಂಡ್ ದೇಶದ ಇಬ್ಬರು ಯುವಕರು ಇದನ್ನು ಹವ್ಯಾಸಕ್ಕಾಗಿ ಶುರುಮಾಡಿದರು. ಆಮೇಲೆ ಅದು ವ್ಯಾಪಾರವಾಗಿ ಕೈ ಬದಲಾಯಿಸಿತು. 2022ರಲ್ಲಿ ತಿಂಗಳಿಗೆ ಸುಮಾರು 30 ಡಾಲರ್ ಕೊಟ್ಟವರು ಇದರಲ್ಲಿ ಹುಡುಕಬಹುದಾಗಿತ್ತು. ಆ ವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು ತಮ್ಮ ಹತ್ತು ಹನ್ನೆರಡು ಮಂದಿ ಪತ್ರಕರ್ತರ ಒಪ್ಪಿಗೆ ಪಡೆದು ಪರೀಕ್ಷೆ ಮಾಡಿದರು. ಎಲ್ಲರ ಫೋಟೋಗಳೂ ಸಿಕ್ಕವು. ಕಪ್ಪು ಕನ್ನಡಕ ಹಾಕಿದ್ದರೂ, ಬಾಯಿಗೆ ಮಾಸ್ಕ್ ಕಟ್ಟಿದ್ದರೂ ಸಿಕ್ಕವು. ನಿಮ್ಮ ಸ್ವಂತ ಮುಖವನ್ನು ಮಾತ್ರ ಹುಡುಕಿರಿ ಎಂದು ಆ ಕಂಪೆನಿ ಹೇಳುತ್ತದೆ. ಆದರೆ ಇನ್ನೊಬ್ಬರ ಮುಖ ತಂದವನನ್ನು ಬಾಗಿಲಲ್ಲಿ ತಡೆಯುವವರು ಯಾರೂ ಇರಲಿಲ್ಲ. ನನ್ನ ಮುಖವನ್ನು ತೋರಿಸಬೇಡಿ ಎಂದು ಕೇಳಿಕೊಳ್ಳಲು ಒಂದು ದಾರಿ ಇಟ್ಟಿದ್ದಾರೆ. ಅದಕ್ಕೂ ನಿಮ್ಮ ಫೋಟೋ ಮತ್ತು ಗುರುತುಪತ್ರವನ್ನು ಅವರಿಗೇ ಕೊಡಬೇಕು! ಬೀಗ ಬೇಕಾದರೆ ಬೀಗದಕೈಯನ್ನು ಕಳ್ಳನ ಹತ್ತಿರ ಇಡು ಎಂದ ಹಾಗಾಯಿತು.

ಇದು ಹೆಸರನ್ನು ನೇರವಾಗಿ ಹೇಳುವುದಿಲ್ಲ, ಫೋಟೋ ಇರುವ ಜಾಗವನ್ನು ತೋರಿಸುತ್ತದೆ, ಅಷ್ಟೇ ಅಲ್ಲವೆ ಎಂದು ಕೆಲವರು ಕೇಳುತ್ತಾರೆ. ಆದರೆ ಫೋಟೋದ ಕೆಳಗೆ ಹೆಸರಿರುತ್ತದೆ. ಹೆಸರಿನ ಬೆನ್ನು ಹಿಡಿದರೆ ಉಳಿದದ್ದು ಸಿಗುತ್ತದೆ. 2024ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಕ್ಯಾಮರಾ ಇರುವ ಕನ್ನಡಕವನ್ನು ಇದೇ ಪಿಮ್‌ಐಸ್‌ಗೆ ಜೋಡಿಸಿ, ರೈಲಿನಲ್ಲಿ ಎದುರು ಸಿಕ್ಕ ಅಪರಿಚಿತರ ಹೆಸರು ಮುಂತಾದ ವಿವರಗಳನ್ನು ಪತ್ತೆಮಾಡಿ ತೋರಿಸಿದರು. ಅವರು ಒಳ್ಳೆಯ ಮಕ್ಕಳು; ಜನ ಎಚ್ಚರಗೊಳ್ಳಲಿ ಎಂದು ತೋರಿಸಿದರೇ ಹೊರತು ಆ ಸಾಧನವನ್ನು ಯಾರಿಗೂ ಕೊಡಲಿಲ್ಲ. ಎಲ್ಲರೂ ಅಷ್ಟು ಒಳ್ಳೆಯವರಾಗಿರಬೇಕಲ್ಲ!

ಇನ್ನೊಂದು ಕಂಪೆನಿ ಅಮೆರಿಕದ ಕ್ಲಿಯರ್‌ವ್ಯೂ. ಇದು ಪೊಲೀಸರಿಗೆ ಮಾರುವ ಯಂತ್ರ. ಫೇಸ್‌ಬುಕ್, ಯೂಟ್ಯೂಬ್ ಮುಂತಾದ ಕಡೆಗಳಿಂದ ಜನರ ಫೋಟೋಗಳನ್ನು ಯಾರನ್ನೂ ಕೇಳದೆ ಬಾಚಿಕೊಂಡಿತು. 2020ರಲ್ಲಿ ಸುದ್ದಿ ಹೊರಬಿದ್ದಾಗ ಅದರ ಬಳಿ 300 ಕೋಟಿ ಫೋಟೋಗಳಿದ್ದವು. 2023ರ ಹೊತ್ತಿಗೆ 3,000 ಕೋಟಿ ಎಂದು ಅದೇ ಹೇಳಿಕೊಂಡಿತು. 2022ರಲ್ಲಿ ಇಟಲಿ, ಗ್ರೀಸ್, ಫ್ರಾನ್ಸ್ ದೇಶಗಳ ಅಧಿಕಾರಿಗಳು ತಲಾ 2 ಕೋಟಿ ಯೂರೋ ದಂಡ ಹಾಕಿದರು. 2024ರಲ್ಲಿ ನೆದರ್ಲೆಂಡ್ಸ್ 3 ಕೋಟಿ 5 ಲಕ್ಷ ಯೂರೋ ದಂಡ ಹಾಕಿತು. ಹೋಟೆಲಿನಿಂದ ಒಂದು ಚಮಚ ಎತ್ತಿಕೊಂಡರೆ ನಮ್ಮನ್ನು ಕಳ್ಳರೆನ್ನುತ್ತಾರೆ. ಲೋಕದ ಮುಖಗಳನ್ನೆಲ್ಲ ಎತ್ತಿಕೊಂಡವನು ವ್ಯಾಪಾರಿಯೆನಿಸಿಕೊಳ್ಳುತ್ತಾನೆ.

ಇಷ್ಟು ಹೇಳಿದಾಗ ನಮ್ಮ ಗೆಳೆಯರೊಬ್ಬರು, "ಅದೆಲ್ಲ ದೊಡ್ಡವರ ಚಿಂತೆ ಮಾರಾಯ, ಕಪ್ಪು ಬಸಿ ತೊಳೆಯುವವನ ಮುಖ ಯಾರಿಗೆ ಬೇಕು? ನಮ್ಮಲ್ಲಿ ಮುಚ್ಚಿಡುವುದಕ್ಕೆ ಏನಿದೆ?" ಎಂದರು. ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಕೊಡಲೇಬೇಕು.

ಮೊದಲನೆಯದು. ಮುಚ್ಚಿಡುವುದಕ್ಕೆ ಕಳ್ಳತನವೇ ಆಗಬೇಕೆಂದಿಲ್ಲ. ಸಂಘದ ಸಭೆಗೆ ಬಂದದ್ದು ಕಳ್ಳತನವೆ? ಆ ಹುಡುಗ ಅದನ್ನು ಮುಚ್ಚಿಡಬೇಕಾಯಿತು. ಮಾಸ್ಕೋದಲ್ಲಿ 2019ರಲ್ಲಿ ನಿಕೊಲಾಯ್ ಗ್ಲೂಖಿನ್ ಎಂಬವರು ಭೂಗತ ರೈಲಿನಲ್ಲಿ ಒಬ್ಬರೇ ಒಂದು ರಟ್ಟಿನ ಆಕೃತಿ ಹಿಡಿದು ಶಾಂತವಾಗಿ ಪ್ರತಿಭಟಿಸಿದರು. ಅದರ ಫೋಟೋ ಟೆಲಿಗ್ರಾಮಿನಲ್ಲಿ ಬಂತು. ಪೊಲೀಸರು ಆ ಫೋಟೋದಿಂದ ಅವರ ಗುರುತು ಹಿಡಿದು, ಕೆಲವೇ ದಿನಗಳಲ್ಲಿ ರೈಲು ನಿಲ್ದಾಣದಲ್ಲೇ ಬಂಧಿಸಿದರು. ದಂಡವಾಯಿತು. ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2023ರ ಜುಲೈಯಲ್ಲಿ, ಮುಖ ಗುರುತಿಸುವ ಯಂತ್ರವನ್ನು ಹೀಗೆ ಬಳಸಿದ್ದು ಅವರ ಹಕ್ಕಿನ ಭಂಗವೆಂದು ತೀರ್ಪು ಕೊಟ್ಟಿತು. ಈ ಸಂಗತಿ ಓದಿದಾಗ ನನಗೆ ನಮ್ಮ ಮೂರನೆಯ ಸಾಲಿನ ಹುಡುಗ ನೆನಪಾದ. ಇಬ್ಬರ ಮುಖವೂ ಹೊರಬಿದ್ದದ್ದು ಫೋಟೋದಿಂದ.

ಎರಡನೆಯದು. ಗಂಡನ ಹೊಡೆತ ತಾಳಲಾರದೆ ಊರು ಬಿಟ್ಟು ಬಂದು, ಇಲ್ಲಿ ನಾಲ್ಕು ಮನೆಯ ಕೆಲಸ ಮಾಡಿ ಮಕ್ಕಳನ್ನು ಸಾಕುವ ತಾಯಿಯಿದ್ದಾಳೆ ಎಂದಿಟ್ಟುಕೊಳ್ಳಿ. ಮಗಳಿಗೆ ಶಾಲೆಯಲ್ಲಿ ಬಹುಮಾನ ಬಂತು. ತಾಯಿ ಮಗಳ ಫೋಟೋ ಶಾಲೆಯ ಹೆಸರಿನ ಜತೆ ಇಂಟರ್ನೆಟ್ಟಿಗೆ ಹೋಯಿತು. ಅವಳ ಹಳೆಯ ಫೋಟೋ ಗಂಡನ ಕೈಯಲ್ಲಿ ಇದ್ದೇ ಇದೆ. ಇನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು. ನೀವು ಏನೂ ಮಾಡದಿದ್ದರೂ ಯಂತ್ರ ತಪ್ಪುಮಾಡಬಹುದು. ಅಮೆರಿಕದಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ಕಪ್ಪು ಜನಾಂಗದ ಗೃಹಸ್ಥರನ್ನು 2020ರ ಜನವರಿಯಲ್ಲಿ ಡೆಟ್ರಾಯಿಟ್ ನಗರದ ಪೊಲೀಸರು ಮನೆಯೆದುರೇ, ಹೆಂಡತಿ ಮಕ್ಕಳ ಕಣ್ಣ ಮುಂದೆಯೇ ಹಿಡಿದೊಯ್ದರು. ವಾಚಿನ ಅಂಗಡಿಯೊಂದರ ಕಳ್ಳನ ಮಸುಕು ಫೋಟೋಗೂ ಅವರ ಲೈಸೆನ್ಸಿನ ಫೋಟೋಗೂ ಯಂತ್ರ ಹೊಂದಿಕೆ ಹೇಳಿತ್ತು. ಸುಮಾರು 30 ಗಂಟೆ ಕೂಡಿಹಾಕಿದರು. ಅವರು ಕಳ್ಳರಾಗಿರಲಿಲ್ಲ. 2024ರಲ್ಲಿ ನಗರಾಡಳಿತ 3 ಲಕ್ಷ ಡಾಲರ್ ಪರಿಹಾರ ಕೊಡಲು ಒಪ್ಪಬೇಕಾಯಿತು. ಅಮೆರಿಕ ಸರಕಾರದ ಮಾಪನ ಸಂಸ್ಥೆಯೇ 2019ರಲ್ಲಿ ಇಂಥ ಅನೇಕ ಯಂತ್ರಗಳನ್ನು ಪರೀಕ್ಷಿಸಿ, ಬಿಳಿಯರಿಗಿಂತ ಆಫ್ರಿಕ ಮತ್ತು ಏಷ್ಯ ಮೂಲದವರ ಮುಖಗಳಲ್ಲಿ ತಪ್ಪು ಹೊಂದಿಕೆಗಳು ಕೆಲವು ಯಂತ್ರಗಳಲ್ಲಿ 10ರಿಂದ 100 ಪಟ್ಟು ಹೆಚ್ಚೆಂದು ಕಂಡಿತು. ನಮ್ಮ ಬಣ್ಣ ಯಾವುದೆಂದು ನಾನು ಹೇಳಬೇಕೆ?

ನಮ್ಮ ದೇಶದ ಮಾತಿಗೆ ಬರೋಣ. ಒಳ್ಳೆಯದನ್ನೂ ಹೇಳಬೇಕು. 2018ರಲ್ಲಿ ದೆಹಲಿ ಪೊಲೀಸರು ಈ ಯಂತ್ರವನ್ನು ಪರೀಕ್ಷಿಸಿದಾಗ, ಕಾಣೆಯಾದ ಸುಮಾರು 2,900 ಮಕ್ಕಳ ಗುರುತು ನಾಲ್ಕು ದಿನಗಳಲ್ಲಿ ಸಿಕ್ಕಿತೆಂದು ವರದಿಯಾಯಿತು. ಮಗುವನ್ನು ಕಳೆದುಕೊಂಡ ತಾಯಿಗೆ ಇದಕ್ಕಿಂತ ದೊಡ್ಡದೇನಿದೆ? ಆದರೆ ಅದೇ ವರ್ಷ ಹೈಕೋರ್ಟಿನಲ್ಲಿ, ಯಂತ್ರದ ನಿಖರತೆ ನೂರಕ್ಕೆ 2 ಮಾತ್ರ ಎಂಬ ಮಾತೂ ಹೊರಬಂತು. ಮಕ್ಕಳಿಗೆಂದು ತಂದ ಯಂತ್ರ ಮಕ್ಕಳಲ್ಲಿಗೇ ನಿಲ್ಲಲಿಲ್ಲ. ಬೇರೆ ಮೊಕದ್ದಮೆಗಳಿಗೂ ಬಳಕೆಯಾಯಿತು. ಮಾಹಿತಿ ಹಕ್ಕಿನಡಿ ಕೇಳಿದ ಪ್ರಶ್ನೆಗೆ, ನೂರಕ್ಕೆ 80ರ ಮೇಲೆ ಹೊಂದಿಕೆಯಾದರೆ ಸರಿಯೆಂದು ತಿಳಿಯುತ್ತೇವೆ ಎಂದು 2022ರಲ್ಲಿ ಅವರೇ ಉತ್ತರ ಕೊಟ್ಟರು. ಹೈದರಾಬಾದಿನಲ್ಲಿ ಎಸ್. ಕ್ಯೂ. ಮಸೂದ್ ಎಂಬ ಸಮಾಜ ಕಾರ್ಯಕರ್ತರನ್ನು 2021ರಲ್ಲಿ ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ, ಮಾಸ್ಕ್ ತೆಗೆಯಲು ಹೇಳಿ, ಒಪ್ಪದಿದ್ದರೂ ಫೋಟೋ ತೆಗೆದರು. ಅವರು ಸುಮ್ಮನೆ ಕೂರದೆ ತೆಲಂಗಾಣ ಹೈಕೋರ್ಟಿಗೆ ಹೋಗಿ, ಈ ಮುಖ ಗುರುತಿಸುವ ವ್ಯವಸ್ಥೆಯನ್ನೇ ಪ್ರಶ್ನಿಸಿದರು. ರಸ್ತೆಯಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು ಯಾರದು? ಕಾರಿನಲ್ಲಿ ಹೋಗುವವನದಲ್ಲ. ರಾತ್ರಿ ಕೆಲಸ ಮುಗಿಸಿ ನಡೆದು ಬರುವ ನಮ್ಮಂಥವರದು.

ಹಾಗಾದರೆ ಕಾನೂನು ಏನು ಹೇಳುತ್ತದೆ? ಇಲ್ಲಿ ಕನ್ನಡಿಗರು ಅಭಿಮಾನಪಡುವ ಸಂಗತಿಯೊಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರದ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನವು ಪ್ರತಿಯೊಬ್ಬನ ಮೂಲಭೂತ ಹಕ್ಕೆಂದು ಸಾರಿತು. ಪ್ರತಿಯೊಬ್ಬನ ಎಂದರೆ ಬಂಗಲೆಯವನದೂ ಹೌದು, ಖೋಲಿಯವನದೂ ಹೌದು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರು ಗಳಿಸಿಕೊಟ್ಟ ಹಕ್ಕು ನಮ್ಮ ಪಾಲಿಗೆ ಉಳಿದಿದೆ.

ಆಮೇಲೆ 2023ರಲ್ಲಿ ಜನರ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಒಂದು ಕಾನೂನಾಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಟವು. ಆದರೆ ಅದರಲ್ಲೊಂದು ದೊಡ್ಡ ತೂತಿದೆ. ನಾವೇ ನಾಲ್ಕು ಜನಕ್ಕೆ ಕಾಣುವಂತೆ ಹಾಕಿದ ಮಾಹಿತಿಗೆ ಆ ಕಾನೂನಿನ ರಕ್ಷಣೆಯಿಲ್ಲ. ನೀವು ನಿಮ್ಮ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಇಟ್ಟರೆ, ಬಾಚಿಕೊಂಡು ಹೋದವನನ್ನು ಈ ಕಾನೂನಿನಡಿ ಹಿಡಿಯುವುದು ಕಷ್ಟ. ಯೂರೋಪಿನಲ್ಲಿ ಹಾಗಿಲ್ಲ. ಇಂಟರ್ನೆಟ್ಟಿನಿಂದ ಸಿಕ್ಕಸಿಕ್ಕ ಮುಖಗಳನ್ನು ಬಾಚಿ ಇಂಥ ಯಂತ್ರಕ್ಕೆ ಭಂಡಾರ ಮಾಡುವುದನ್ನೇ 2025ರ ಫೆಬ್ರವರಿ 2ರಿಂದ ಅಲ್ಲಿ ನಿಷೇಧಿಸಿದ್ದಾರೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2008ರಿಂದಲೇ ಒಂದು ಕಾನೂನಿದೆ: ಬರಹದಲ್ಲಿ ಒಪ್ಪಿಗೆ ಪಡೆಯದೆ ಮನುಷ್ಯನ ಮುಖದ ಅಳತೆ, ಬೆರಳಿನ ಗುರುತು ತೆಗೆದುಕೊಳ್ಳಬಾರದು. ಅಲ್ಲಿ ವೈಟ್ ಕ್ಯಾಸಲ್ ಎಂಬ ತಿಂಡಿ ಹೋಟೆಲುಗಳ ಕಂಪೆನಿಯ ವಿರುದ್ಧ ಅದರ ಕೆಲಸಗಾರ್ತಿಯೊಬ್ಬರು ಬೆರಳಿನ ಗುರುತಿನ ವಿಷಯದಲ್ಲಿ ದಾವೆ ಹೂಡಿದರು. ಒಪ್ಪಿಗೆಯಿಲ್ಲದೆ ಬೆರಳು ಒತ್ತಿಸಿಕೊಂಡ ಒಂದೊಂದು ಸಲವೂ ಕಾನೂನಿನ ಒಂದೊಂದು ಉಲ್ಲಂಘನೆಯೆಂದು ಆ ರಾಜ್ಯದ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ಕೇಳಿಸಿಕೊಂಡಿರಾ? ದಾವೆ ಹೂಡಿದ್ದು ಹೋಟೆಲಿನಲ್ಲಿ ದುಡಿಯುವವಳು. ಆದದ್ದರಿಂದ ಇದು ನಮ್ಮ ಕೈಗೆಟುಕದ ವಿಷಯ ಎನ್ನಬೇಡಿ.

ಕಾನೂನು ಸರಿಯಾಗುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಸಂಘದಲ್ಲಿ ಇಂದೇ ಮಾಡಬಹುದಾದ ಕೆಲಸಗಳಿವೆ. ನಾಲ್ಕು ಸೂಚನೆಗಳನ್ನು ಸಭೆಯ ಮುಂದೆ ಇಡುತ್ತೇನೆ.

ಒಂದು: ಸಂಘದ ಸಭೆಯಲ್ಲಿ ಫೋಟೋ ತೆಗೆಯುವ ಮೊದಲು ಎಲ್ಲರಿಗೂ ಕೇಳುವಂತೆ ಹೇಳಬೇಕು. ಬೇಡವೆನ್ನುವವರು ಬದಿಗೆ ನಿಲ್ಲಬಹುದು. ಯಾಕೆಂದು ಯಾರೂ ಕೇಳಬಾರದು. ಬೇಡಿಕೆಯ ಸಭೆಗಳಲ್ಲಿ ವೇದಿಕೆಯ ಫೋಟೋ ಸಾಕು, ಕೂತವರ ಫೋಟೋ ಬೆನ್ನಿನ ಕಡೆಯಿಂದ ಆಗಲಿ. ಜನ ಎಷ್ಟು ಬಂದಿದ್ದರೆಂದು ಬೆನ್ನಿನಿಂದಲೂ ತಿಳಿಯುತ್ತದೆ.

ಎರಡು: ನಮ್ಮ ಮಕ್ಕಳಿಗೆ ಬಹುಮಾನ ಕೊಡುವ ಫೋಟೋ ಮನೆಯವರಿಗೆ ಕೊಡೋಣ. ಹೆಸರು, ಶಾಲೆ, ತರಗತಿ ಬರೆದು ಮಗುವಿನ ಮುಖದ ಜತೆ ಇಂಟರ್ನೆಟ್ಟಿಗೆ ಹಾಕುವುದು ಬೇಡ. ಹಾಕಿದ ಹಳೆಯವನ್ನು ತೆಗೆದುಹಾಕುವ ಕೆಲಸವನ್ನು ನಾನೇ ಮಾಡುತ್ತೇನೆ.

ಮೂರು: ಕೆಲಸದ ಜಾಗದಲ್ಲಿ ಹಾಜರಿಗೆಂದು ಮುಖದ ಯಂತ್ರ ಇಟ್ಟರೆ ಜಗಳ ಮಾಡಬೇಡಿ, ಆದರೆ ಮೂರು ಪ್ರಶ್ನೆ ಕೇಳಿ. ನಮ್ಮ ಮುಖದ ಅಳತೆ ಎಲ್ಲಿ ಇಡುತ್ತೀರಿ? ಯಾರು ಯಾರು ನೋಡುತ್ತಾರೆ? ಕೆಲಸ ಬಿಟ್ಟಾಗ ಅಳಿಸುತ್ತೀರೋ ಇಲ್ಲವೋ? ಒಬ್ಬರೇ ಕೇಳಲು ಹೆದರಿಕೆಯಾದರೆ ಸಂಘದ ಹೆಸರಿನಲ್ಲಿ ನಾವು ಪತ್ರ ಬರೆಯುತ್ತೇವೆ.

ನಾಲ್ಕು: ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕುವವರು ಅದು ಪರಿಚಯದವರಿಗೆ ಮಾತ್ರ ಕಾಣುವಂತೆ ಇಡಿ. ಹೇಗೆಂದು ಗೊತ್ತಿಲ್ಲದವರಿಗೆ ಪ್ರತಿ ಭಾನುವಾರ ಸಂಜೆ ಈ ಖೋಲಿಯಲ್ಲಿ ನಮ್ಮ ಹುಡುಗರು ಕಲಿಸಿಕೊಡುತ್ತಾರೆ. ಯಾರಾದರೂ ಹೆಣ್ಣುಮಕ್ಕಳ ಫೋಟೋವನ್ನು ಕೆಟ್ಟ ಕೆಲಸಕ್ಕೆ ಬಳಸಿದ್ದು ತಿಳಿದರೆ ನಾಚಿಕೆಯಿಂದ ಮುಚ್ಚಿಡಬೇಡಿ. ನಾಚಬೇಕಾದವನು ಬೇರೆ. 1930 ಎಂಬ ಸರಕಾರಿ ಸಹಾಯವಾಣಿ ಹಣದ ಮೋಸಕ್ಕೆ. ಇಂಥ ದೂರನ್ನು ಸೈಬರ್ ಪೊಲೀಸರಿಗೆ ಕೊಡಬೇಕು. ಸಂಘದ ಹೆಂಗಸರ ವಿಭಾಗದವರು ಜತೆಗೆ ಬರುತ್ತಾರೆ.

ಫೋಟೋ ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ತಾಯಿ ಊರಿನಲ್ಲಿ ನನ್ನ ಫೋಟೋ ನೋಡಿಯೇ ದಿನ ಕಳೆಯುತ್ತಾಳೆ. 2021ರಲ್ಲಿ ಫೇಸ್‌ಬುಕ್ ಕಂಪೆನಿಯೇ ಜನರ ವಿರೋಧಕ್ಕೆ ಅಂಜಿ, ನೂರು ಕೋಟಿಗೂ ಹೆಚ್ಚು ಜನರ ಮುಖದ ಅಳತೆಗಳನ್ನು ಅಳಿಸುತ್ತೇವೆಂದು ಸಾರಬೇಕಾಯಿತು. ಜನ ಕೇಳಿದರೆ ದೊಡ್ಡ ಕಂಪೆನಿಯೂ ಹಿಂದೆ ಸರಿಯುತ್ತದೆ. ಕೇಳದೆ ತೆಗೆದುಕೊಳ್ಳಬೇಡಿ ಎಂದು ಅವರಿಗೆ ಹೇಳುವ ಮುಂಚೆ, ಕೇಳದೆ ತೆಗೆದುಕೊಳ್ಳುವ ಅಭ್ಯಾಸವನ್ನು ನಾವು ಬಿಡಬೇಕು. ನಾನು ಬಿಟ್ಟಿದ್ದೇನೆ.

ಆ ಹುಡುಗ ಇಂದೂ ಸಭೆಗೆ ಬಂದಿದ್ದಾನೆ. ಎಲ್ಲಿ ಕೂತಿದ್ದಾನೆಂದು ನಾನು ತೋರಿಸುವುದಿಲ್ಲ. ಈ ನಾಲ್ಕು ಸೂಚನೆಗಳನ್ನು ಚರ್ಚಿಸಿ, ಸರಿಕಂಡರೆ ಠರಾವಾಗಿ ಅಂಗೀಕರಿಸಬೇಕೆಂದು ಸಭೆಯನ್ನು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.